ಅವಳ ಚೀಲಕ್ಕೆ ಬಂದ ನೀರು

ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದಂತೆ. ನಮ್ಮ ಕಾಲೇಜಿನಲ್ಲಿ ಅವಳ ಶ್ರದ್ಧಾಂಜಲಿ ಸಭೆ ನಡೆದ ದಿನ ನಾನು ಎರಡನೆಯ ಸಾಲಿನಲ್ಲಿ ಕೂತು ಅದನ್ನೇ ಪಡುತ್ತಿದ್ದೆ. ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲ ಹೊರಗೆ, ವರಾಂಡದಲ್ಲಿ, ಸೈಕಲ್ ಸ್ಟ್ಯಾಂಡಿನ ತನಕ ಜನ. ಹಳೆಯ ವಿದ್ಯಾರ್ಥಿಗಳು, ಅವಳು ದಿನಾ ಬರುತ್ತಿದ್ದ ಬಸ್ಸಿನ ಕಂಡಕ್ಟರು, ವೆಲ್ಡಿಂಗ್ ಅಂಗಡಿಯ ಸಾಹೇಬರು, ಬೆಟ್ಟದ ಬುಡದ ಹಳ್ಳಿಯಿಂದ ಟೆಂಪೋ ಮಾಡಿಕೊಂಡು ಬಂದ ಹೆಂಗಸರು. ನನ್ನ ಸಭೆಗೆ ಯಾರು ಯಾರು ಬರಬಹುದು ಎಂದು ಅಲ್ಲೇ ಕೂತು ಯೋಚಿಸಿದೆ. ಪ್ರಿನ್ಸಿಪಾಲರು ಬರಲೇಬೇಕು, ಅದು ಅವರ ಕೆಲಸ. ನಮ್ಮ ಪ್ರಯೋಗಾಲಯದ ಅಟೆಂಡರು ಬರಬಹುದು, ಅವತ್ತು ರಜೆ ಹಾಕಿರದಿದ್ದರೆ.

"ನೀವು ಎರಡು ಮಾತಾಡಿ ಮೇಡಂ, ನಿಮಗಿಂತ ಹತ್ತಿರದವರು ಇನ್ಯಾರಿದಾರೆ" ಎಂದು ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದರು. ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಮುಂದಿನ ಸಾಲಿನ ಹೆಂಗಸೊಬ್ಬಳು ಅಯ್ಯೋ ಪಾಪ ಎಂದು ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ದುಃಖ ಇರಲಿಲ್ಲ ಎಂದಲ್ಲ, ಇತ್ತು. ಆದರೆ ಮಾತು ಬಾರದ್ದು ಅದರಿಂದಲ್ಲ. ಇಷ್ಟು ಜನ ನಿನಗೆ ಎಲ್ಲಿಂದ ಸಿಕ್ಕಿದರೇ ಎಂದು ಅವಳನ್ನು ಕೇಳಬೇಕೆನಿಸಿತ್ತು, ಕೇಳಲು ಅವಳಿರಲಿಲ್ಲ. ಅಲ್ಲಿ ಆಡಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಆ ಹೆಸರಿಗೆ ಇನ್ನೊಂದು ಹೊಗಳಿಕೆ ಸೇರಿಕೊಳ್ಳುತ್ತದೆ. ಈಗಾಗಲೇ ಇರುವುದು ಸಾಕು.

ನಾವಿಬ್ಬರೂ ಚಿಕ್ಕಬಳ್ಳಾಪುರದ ಕಾಲೇಜಿಗೆ ಒಂದೇ ವಾರದಲ್ಲಿ ಸೇರಿದವರು. ಅವಳು ಭೂವಿಜ್ಞಾನ, ನಾನು ರಸಾಯನಶಾಸ್ತ್ರ. ಅವಳ ಊರು ಚಿಂತಾಮಣಿ, ನನ್ನದು ಶಿಡ್ಲಘಟ್ಟ. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರಿಗೂ ಸೇರಿ ಒಂದೇ ಉದ್ದನೆಯ ಮೇಜು ಕೊಟ್ಟಿದ್ದರು. ನನ್ನ ಅರ್ಧದಲ್ಲಿ ಪುಸ್ತಕಗಳು ಎತ್ತರದ ಪ್ರಕಾರ ನಿಂತಿರುತ್ತಿದ್ದವು. ಅವಳ ಅರ್ಧದಲ್ಲಿ ಕಲ್ಲು, ಮಣ್ಣು ತುಂಬಿದ ಪೊಟ್ಟಣ, ಯಾರೋ ಕೊಟ್ಟ ಸೀಬೆಹಣ್ಣು, ಬಾಚಣಿಗೆ. ಆ ಕಲ್ಲುಗಳು ದಿನಕ್ಕೊಂದು ಇಂಚು ನನ್ನ ಕಡೆಗೆ ಸರಿಯುತ್ತಿದ್ದವು. ನಾನು ವಾಪಸ್ ತಳ್ಳುತ್ತಿದ್ದೆ. "ಬಿಡೇ, ಅವಕ್ಕೆ ನೀನಂದ್ರೆ ಇಷ್ಟ" ಎನ್ನುತ್ತಿದ್ದಳು.

ಪೆನ್ನು ಅವಳ ಹತ್ತಿರ ಎಂದೂ ಇರುತ್ತಿರಲಿಲ್ಲ. ಊಟದ ಡಬ್ಬಿ ತರುತ್ತಿರಲಿಲ್ಲ, ಆದರೆ ನಮ್ಮೆಲ್ಲರಿಗಿಂತ ಹೆಚ್ಚು ಬಗೆಯ ಊಟ ಅವಳೇ ಮಾಡುತ್ತಿದ್ದಳು. ಎಲ್ಲರ ಡಬ್ಬಿಗೂ ಕೈ ಹಾಕುವುದು, "ಇದಕ್ಕೆ ಸ್ವಲ್ಪ ಹುಳಿ ಕಮ್ಮಿ ಆಯ್ತು ಕಣೇ" ಎಂದು ಹೇಳಿ ಪೂರ್ತಿ ತಿನ್ನುವುದು. ನಾನು ಹಾಗೆ ಮಾಡಿದ್ದರೆ ಜನ ಡಬ್ಬಿ ಮುಚ್ಚಿಡುತ್ತಿದ್ದರು. ಅವಳಿಗೆಂದೇ ಎರಡು ಚಪಾತಿ ಹೆಚ್ಚು ತರುತ್ತಿದ್ದರು. ತರಗತಿಗೆ ಹತ್ತು ನಿಮಿಷ ತಡವಾಗಿ ಹೋದರೂ ಹುಡುಗರು ಕಾಯುತ್ತಿದ್ದರು. ನಾನು ಗಂಟೆ ಹೊಡೆಯುವ ಮುಂಚೆ ಬಾಗಿಲಲ್ಲಿ ನಿಲ್ಲುವವಳು. ಅದಕ್ಕೆ ಹುಡುಗರು ನನಗಿಟ್ಟಿದ್ದ ಅಡ್ಡಹೆಸರು ನನಗೆ ಗೊತ್ತು, ಇಲ್ಲಿ ಹೇಳುವುದಿಲ್ಲ.

ನಮ್ಮ ಅಮ್ಮನ ವಿಷಯ ಮಾತ್ರ ಹೇಳಲೇಬೇಕು. ನಾನು ಪಿಎಚ್.ಡಿ. ಮುಗಿಸಿದ ದಿನ ಶಿಡ್ಲಘಟ್ಟಕ್ಕೆ ಹೋಗಿ ಹೇಳಿದರೆ, ಅಮ್ಮ ಹುರುಳಿಕಾಳು ಆರಿಸುತ್ತಾ, "ಒಳ್ಳೇದಾಯ್ತು ಬಿಡು, ಸಂಬಳ ಜಾಸ್ತಿ ಆಗುತ್ತಾ?" ಅಂದಿದ್ದರು. ಅದೇ ಅಮ್ಮ ಅವಳನ್ನು ಒಂದೇ ಸಲ ನೋಡಿ, ಆಮೇಲೆ ನಾನು ಹೋದಾಗಲೆಲ್ಲ ಬಾಗಿಲಲ್ಲೇ ಇಣುಕಿ ನನ್ನ ಹಿಂದೆ ಹುಡುಕುವರು. "ಕೆರೆಯವಳು ಬರಲಿಲ್ವಾ? ಕೆರೆ ನೀರು ಎಷ್ಟಕ್ಕೆ ಬಂತಂತೆ?" ನನ್ನ ಸಂಶೋಧನೆ ಯಾವುದರ ಮೇಲೆ ಎಂದು ನಮ್ಮ ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಕೆರೆ ಅಂದೆನಲ್ಲ, ಅದು ನಮ್ಮ ಊರಿನಿಂದ ಅಷ್ಟು ದೂರವಲ್ಲ. ಎರಡು ಬೆಟ್ಟಗಳ ನಡುವೆ, ಹಳ್ಳಿಗಿಂತ ಎತ್ತರದಲ್ಲಿ, ಬಂಡೆಗಳು ಸುತ್ತುವರಿದ ಒಂದು ಕೆರೆ. ಹಳ್ಳಿಯವರು ಮೇಲ್ಕೆರೆ ಎನ್ನುತ್ತಾರೆ. ಕೆಳಗಿನ ಬಯಲಿನ ಕೆರೆಗಳೆಲ್ಲ ಒಣಗಿ ಜಾಲಿ ಬೆಳೆದು, ಈಚೆಗೆ ಬೆಂಗಳೂರಿನಿಂದ ಪೈಪಿನಲ್ಲಿ ಬರುವ ಸಂಸ್ಕರಿಸಿದ ನೀರಿನಿಂದ ತುಂಬಿದವು. ಮೇಲ್ಕೆರೆಗೆ ಆ ಪೈಪು ಹತ್ತಲಿಲ್ಲ. ಹತ್ತುವ ಅಗತ್ಯವೂ ಬೀಳಲಿಲ್ಲ. ಮಳೆ ಕೈಕೊಟ್ಟ ವರ್ಷವೂ ಅದರ ತಳದಲ್ಲಿ ಸೊಂಟದುದ್ದ ನೀರು ನಿಲ್ಲುತ್ತಿತ್ತು. ಹಳ್ಳಿಯ ಕುರಿಗೆ, ಹಿಪ್ಪುನೇರಳೆ ತೋಟಕ್ಕೆ, ಬಟ್ಟೆಗೆ, ಎಲ್ಲಕ್ಕೂ ಅದೇ.

ಆ ಕೆರೆಯ ಹಿಂದಿನ ಇಳಿಜಾರನ್ನು ಒಂದು ಕಂಪನಿ ಕೊಂಡುಕೊಂಡಿತು. ಬೆಂಗಳೂರಿನವರು ವಾರಕ್ಕೊಮ್ಮೆ ಬಂದು ತಣ್ಣಗೆ ಕೂರಲು ವಿಲ್ಲಾಗಳನ್ನು ಕಟ್ಟುತ್ತಾರಂತೆ. ವಿಲ್ಲಾಗಳಿಗೆ ನೀರು ಬೇಕಲ್ಲ, ಇಳಿಜಾರಿನಲ್ಲಿ ಬೋರ್‌ವೆಲ್‌ಗಳನ್ನು ಕೊರೆಸಲು ಅರ್ಜಿ ಹಾಕಿದರು. ಕಂಪನಿಯ ವಾದ ಸರಳವಾಗಿತ್ತು. ಕೆರೆಗೆ ಬರುವುದು ಮಳೆಯ ನೀರು, ನಾವು ತೆಗೆಯುವುದು ನೆಲದೊಳಗಿನ ನೀರು, ಒಂದಕ್ಕೊಂದು ಸಂಬಂಧವಿಲ್ಲ. ಹಳ್ಳಿಯವರು ಸಂಬಂಧ ಇದೆ ಎಂದರು. ಅನುಮತಿ ಕೊಡುವ ಅಂತರ್ಜಲ ಕಚೇರಿಯವರು ತೋರಿಸಿ ಎಂದರು. ನೆಲದೊಳಗಿಂದ ಕೆರೆಗೆ ನೀರು ಬರುತ್ತಿದೆ ಎಂದು ತೋರಿಸಿಕೊಟ್ಟರೆ ಬೋರ್‌ವೆಲ್ ನಿಲ್ಲುತ್ತದೆ, ಇಲ್ಲವಾದರೆ ಕೆರೆ ಹೋಗುತ್ತದೆ. ಇದು ಕಿವಿಗೆ ಬಿದ್ದ ದಿನವೇ ಅವಳು ನನ್ನ ಪೆನ್ನು ಕಿತ್ತುಕೊಂಡು ಎದ್ದಳು. "ನಾನು ಅಳೀತೀನಿ ಕಣೇ. ನೀನೂ ಬಾ, ನೀರಿನ ಉಪ್ಪು ನೋಡಕ್ಕೆ ನೀನು ಬೇಕು."

ನಾನು ಹೋದೆ. ಯಾಕೆ ಹೋದೆ ಎಂದು ಕೇಳಬೇಡಿ. ಅವಳು ಬಾ ಅಂದರೆ ಹೋಗದೆ ಇರುವುದು ಕಷ್ಟ, ಅದೂ ನನ್ನ ಹೊಟ್ಟೆ ಉರಿಸುತ್ತಿದ್ದ ಸಂಗತಿಗಳಲ್ಲಿ ಒಂದು.

ಮೊದಲ ದಿನ ಧನುರ್ಮಾಸದ ಚಳಿ. ಅವಳು ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಮಂಜು ಏಳುತ್ತಿದ್ದ ಕೆರೆಗೆ ಇಳಿದಳು. ದಡದುದ್ದಕ್ಕೂ ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಾ ಹೋಗಿ ಉತ್ತರದ ಮೂಲೆಯಲ್ಲಿ ಗಕ್ಕನೆ ನಿಂತಳು. "ಇಲ್ಲಿ ಬೆಚ್ಚಗಿದೆ, ಬಾರೇ!" ಚಳಿಗಾಲದ ಬೆಳಿಗ್ಗೆ ಕೆರೆಯ ನೀರು ತಣ್ಣಗಾಗಿರುತ್ತದೆ, ನೆಲದೊಳಗಿನ ನೀರು ಅಷ್ಟು ತಣ್ಣಗಾಗುವುದಿಲ್ಲ. ಎಲ್ಲಿ ಬೆಚ್ಚಗಿದೆಯೋ ಅಲ್ಲಿ ನೆಲ ಜಿನುಗುತ್ತಿದೆ ಎಂದು ಅರ್ಥ. ನಾನೂ ಇಳಿದೆ. ನನ್ನ ಕಾಲಿಗೆ ಎಲ್ಲ ಕಡೆಯೂ ಒಂದೇ ಕೊರೆತ. ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡು ಉಷ್ಣಮಾಪಕ ಇಳಿಬಿಟ್ಟೆ. ಅವಳ ಕಾಲು ಹೇಳಿದ್ದೇ ಸರಿಯಾಗಿತ್ತು.

ಆಮೇಲೆ ಡ್ರಮ್ಮುಗಳ ಕೆಲಸ. ಎಣ್ಣೆಯ ಖಾಲಿ ಡ್ರಮ್ಮುಗಳನ್ನು ವೆಲ್ಡಿಂಗ್ ಸಾಹೇಬರ ಅಂಗಡಿಗೆ ಉರುಳಿಸಿಕೊಂಡು ಹೋಗಿ ನಡುವಿಗೆ ಕತ್ತರಿಸಿ ಕೊಡಿ ಎಂದಳು.

"ಏನ್ ಮೇಡಂ, ಬಿರಿಯಾನಿ ಮಾಡಕ್ಕಾ?" ಎಂದು ಅವರು ಕೇಳಿದರು.

"ಕೆರೆ ಎಷ್ಟು ಕುಡೀತದೆ ಅಂತ ನೋಡಕ್ಕೆ ಸಾಹೇಬ್ರೇ."

ಸಾಹೇಬರು ನಕ್ಕರು. ಅವಳು ಉರ್ದುವಿಗೆ ಹೊರಳಿದಳು. ಸ್ವಲ್ಪ ಹೊತ್ತಿಗೆ ಅವರ ಮಗಳ ಕಾಲೇಜು, ಹೆಂಡತಿಯ ಮಂಡಿ ನೋವು, ಎಲ್ಲ ಮಾತಾಗಿ ಚಹಾ ಬಂತು. ನನಗೂ ಒಂದು ಲೋಟ ಕೊಟ್ಟರು, ಜೊತೆಯಲ್ಲಿದ್ದೆನಲ್ಲ. ಹಳ್ಳಿಯಲ್ಲಿ ಅವಳದು ತೆಲುಗು, ಅಂಗಡಿಯಲ್ಲಿ ಉರ್ದು, ಕಚೇರಿಯಲ್ಲಿ ಅಚ್ಚುಕಟ್ಟಾದ ಕನ್ನಡ. ಮೂರೂ ಭಾಷೆ ನನಗೂ ಬರುತ್ತವೆ. ಆದರೆ ನಾನು ಮಾತಾಡಿದರೆ ಜನ ಉತ್ತರ ಕೊಡುತ್ತಾರೆ, ಅವಳು ಮಾತಾಡಿದರೆ ಕುರ್ಚಿ ಕೊಡುತ್ತಿದ್ದರು.

ಕತ್ತರಿಸಿದ ಅರ್ಧ ಡ್ರಮ್ಮನ್ನು ಬೋರಲು ಹಾಕಿ ಕೆರೆಯ ತಳದ ಕೆಸರಿಗೆ ಒತ್ತಬೇಕು. ಅದರ ಬೆನ್ನಿಗೆ ಒಂದು ತೂತು, ತೂತಿಗೆ ಪೈಪಿನ ತುಂಡು, ಪೈಪಿಗೆ ಒಂದು ಪ್ಲಾಸ್ಟಿಕ್ ಚೀಲ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುತ್ತಾರಲ್ಲ, ಅಂಥ ಚೀಲ. ನೆಲದಿಂದ ನೀರು ಜಿನುಗಿದರೆ ಅದು ಡ್ರಮ್ಮಿನೊಳಗೆ ಸಿಕ್ಕಿಕೊಳ್ಳುತ್ತದೆ, ಚೀಲಕ್ಕೆ ಬರದೆ ಬೇರೆ ದಾರಿಯಿಲ್ಲ. ಮೊದಲು ಸ್ವಲ್ಪ ಕೆರೆಯ ನೀರನ್ನೇ ತೂಗಿ ಚೀಲಕ್ಕೆ ಹಾಕಿ ಕಟ್ಟುವುದು, ಮರುದಿನ ಬಿಚ್ಚಿ ಮತ್ತೆ ತೂಗುವುದು. ತೂಕ ಹೆಚ್ಚಿದ್ದರೆ ನೆಲ ಕೆರೆಗೆ ಕೊಟ್ಟಿದೆ, ಕಡಿಮೆಯಾಗಿದ್ದರೆ ಕೆರೆ ನೆಲಕ್ಕೆ ಕೊಟ್ಟಿದೆ. ಇಷ್ಟೇ ವಿದ್ಯೆ. ಕೆರೆಯ ಸುತ್ತ ಹೀಗೆ ಡ್ರಮ್ಮುಗಳನ್ನು ಹೂತು, ಶನಿವಾರ ಕಟ್ಟಿ ಭಾನುವಾರ ಬಿಚ್ಚುತ್ತಿದ್ದೆವು.

ಮೊದಲ ವಾರಗಳಲ್ಲಿ ಚೀಲಗಳು ಸೊರಗಿಯೇ ಇರುತ್ತಿದ್ದವು. ಏರಿಯ ಕಡೆಯ ಚೀಲಗಳಲ್ಲಿ ನಾವು ಹಾಕಿದ್ದ ನೀರೂ ಖಾಲಿ. ಉತ್ತರದ ಮೂಲೆಯಲ್ಲಿ ಬಂದಿತೋ ಇಲ್ಲವೋ ಅನ್ನುವಷ್ಟು. ಅವಳು ಚೀಲವನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತಾ ನಿಲ್ಲುವಳು, ಮುಖ ಸಣ್ಣಗಾಗುತ್ತಿತ್ತು. ಆಮೇಲೆ ಒಂದು ಭಾನುವಾರ ಉತ್ತರದ ಚೀಲ ದಪ್ಪಗೆ ಉಬ್ಬಿಕೊಂಡು ಬಂತು. ಅವಳು ಕೆರೆಯೊಳಗೇ ನಿಂತು ಕೂಗಿಬಿಟ್ಟಳು. ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಅವಳು ನಗುವುದೆಂದರೆ ತಲೆ ಹಿಂದಕ್ಕೆ ಹಾಕಿ, ಮುಂದಿನ ಸೊಟ್ಟ ಹಲ್ಲು ಕಾಣುವಂತೆ, ಎದುರಿಗಿದ್ದವರಿಗೆ ಕಾರಣ ಗೊತ್ತಿಲ್ಲದಿದ್ದರೂ ನಗು ಬರುವಂತೆ. ದಡದಲ್ಲಿದ್ದ ಹೆಂಗಸರು ನಕ್ಕರು. ನಾನು ತೂಕ ಬರೆದುಕೊಂಡೆ.

ಆ ಹೆಂಗಸರಲ್ಲಿ ಒಬ್ಬ ಅಜ್ಜಿ ಇದ್ದಳು. ಕೆರೆಯ ಪಕ್ಕದ ಮೊದಲನೇ ಮನೆ ಅವಳದು. ರೇಷ್ಮೆಹುಳು ಸಾಕುವ ಮನೆ, ಜೊತೆಗೆ ನಾಲ್ಕು ಕುರಿ. ಅಜ್ಜಿ ನಮ್ಮ ಕಡೆ ಬಂದು ಅವಳಿಗೆ, "ಏನ್ ತಾಯಿ, ನಿನ್ ಚೀಲ ತುಂಬ್ತಾ?" ಎಂದು ಕೇಳುವಳು. ನನ್ನ ಕಡೆ ತಿರುಗಿ, "ನೀವು ಕಾಫಿ ಕುಡೀತೀರಾ?" ಎನ್ನುವಳು. ಅವಳಿಗೆ ನೀನು, ನನಗೆ ನೀವು. ಮರ್ಯಾದೆ ಕೊಟ್ಟರು ಎಂದು ನಾನು ಹೆಮ್ಮೆ ಪಡಬೇಕಿತ್ತು. ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಅಲ್ಲಿಂದ ಮುಂದೆ ಉತ್ತರದ ಚೀಲ ವಾರವಾರವೂ ತುಂಬುತ್ತಲೇ ಹೋಯಿತು. ಕಾಲೇಜಿನಲ್ಲಿ ಅದೇ ಮಾತು. ಪ್ರಿನ್ಸಿಪಾಲರು ಅವಳನ್ನು ಕೂರಿಸಿ ಕೇಳಿದರು. ಹಳ್ಳಿಯವರು ಮೇಲ್ಕೆರೆಯ ಹಿಪ್ಪುನೇರಳೆ ಹಣ್ಣು ಒಂದು ಬುಟ್ಟಿ ತಂದು ಅವಳ ಮೇಜಿನ ಮೇಲಿಟ್ಟರು. ಬುಟ್ಟಿ ನನ್ನ ಅರ್ಧಕ್ಕೂ ಸ್ವಲ್ಪ ಬಂದಿತ್ತು, ತಳ್ಳಿದೆ. ಕಚೇರಿಯ ವಿಚಾರಣೆಗೆ ಇನ್ನು ಒಂದು ತಿಂಗಳಿತ್ತು. ಇವಳ ಕೆಲಸದಲ್ಲಿ ಒಂದೇ ಒಂದು ತಪ್ಪು ಸಿಗಬಾರದೇ ಎಂದು ನಾನು ಆಗ ಹಂಬಲಿಸಿದಷ್ಟು ಬೇರೇನಕ್ಕೂ ಹಂಬಲಿಸಿದವಳಲ್ಲ.

ಸಿಕ್ಕಿತು. ನೀರಿನ ಉಪ್ಪು ನೋಡುವುದು ನನ್ನ ಪಾಲಿನ ಕೆಲಸ. ನಮ್ಮ ಕಡೆ ನೆಲದೊಳಗಿನ ನೀರಿನಲ್ಲಿ ಉಪ್ಪಿನಂಶ ಹೆಚ್ಚು, ಮಳೆ ಬಿದ್ದು ತುಂಬಿದ ಕೆರೆಯ ನೀರಿನಲ್ಲಿ ಕಡಿಮೆ. ಚೀಲದೊಳಗೆ ನೆಲದ ನೀರೂ ನಾವು ಹಾಕಿದ ಕೆರೆಯ ನೀರೂ ಬೆರೆತಿರುತ್ತವೆ, ಹಾಗಾಗಿ ಉಪ್ಪು ಎರಡರ ನಡುವೆ ಬರಬೇಕು. ಉತ್ತರದ ಚೀಲದ ನೀರನ್ನು ಯಂತ್ರಕ್ಕೆ ಹಿಡಿದರೆ ನೆಲದ ನೀರಿಗಿಂತ ಕಡಿಮೆ, ಕೆರೆಯ ನೀರಿಗಿಂತಲೂ ಕಡಿಮೆ! ಮತ್ತೊಮ್ಮೆ ಹಿಡಿದು ನೋಡಿದೆ, ಯಂತ್ರ ತೊಳೆದು ನೋಡಿದೆ, ಅದೇ ಬಂತು. ಅಂದರೆ ಚೀಲದೊಳಗೆ ನೆಲದ್ದೂ ಅಲ್ಲದ ಕೆರೆಯದೂ ಅಲ್ಲದ ಮೂರನೆಯ ನೀರೊಂದು ಬಂದು ಸೇರಿತ್ತು. ಅವತ್ತು ಮಧ್ಯಾಹ್ನ ಪ್ರಯೋಗಾಲಯದಲ್ಲಿ ಒಬ್ಬಳೇ ಕೂತು ಹಾಡು ಗುನುಗಿದೆ. ಅಟೆಂಡರು ಬಾಗಿಲಲ್ಲಿ ಇಣುಕಿ ಹೋದ.

ಮುಂದಿನ ಶನಿವಾರ ಅವಳಿಗೆ ಚಿಂತಾಮಣಿಯಲ್ಲಿ ನೆಂಟರ ಮಗುವಿನ ನಾಮಕರಣ. ಚೀಲ ಕಟ್ಟಿ ಅವಳು ಹೊರಟಳು. ನಾನೂ ಹೊರಟಂತೆ ಮಾಡಿ ಹೊಂಗೆಮರದ ಹಿಂದೆ ಕೂತೆ. ಬಿಸಿಲು ಸ್ವಲ್ಪ ಇಳಿದ ಮೇಲೆ ಅಜ್ಜಿ ಬಂದಳು. ಹಿಂದೆ ಅವಳ ಸೊಸೆ, ಸೊಂಟದ ಮೇಲೆ ನೀರಿನ ಕ್ಯಾನು. ಉಪ್ಪು ಸೋಸಿ ಕೊಡುವ ಪಂಚಾಯ್ತಿಯ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತರುತ್ತಾರಲ್ಲ, ಅದೇ ಕ್ಯಾನು. ಅಜ್ಜಿ ನೀರಿಗಿಳಿದು ಚೀಲದ ಕುತ್ತಿಗೆಗೆ ಸುತ್ತಿದ್ದ ಸೈಕಲ್ ಟ್ಯೂಬಿನ ಪಟ್ಟಿ ಬಿಚ್ಚಿದಳು. ಸೊಸೆ ಸೀಮೆಎಣ್ಣೆ ಲಾಳಿಕೆ ಇಟ್ಟು ಹದವಾಗಿ ಹುಯ್ದಳು. ಅಜ್ಜಿ ಚೀಲವನ್ನು ಮಗುವಿನ ಹೊಟ್ಟೆಯಂತೆ ತಟ್ಟಿ ನೋಡಿ ಸಾಕು ಅಂದಳು.

ನಾನು ಎದ್ದು ನಿಂತೆ. "ಏನಜ್ಜಿ ಮಾಡ್ತಿದೀರ?"

ಸೊಸೆ ಕ್ಯಾನು ಕೆಳಗಿಟ್ಟು ಸೆರಗು ಬಾಯಿಗಿಟ್ಟುಕೊಂಡಳು. ಅಜ್ಜಿಗೆ ಏನೂ ಆಗಲಿಲ್ಲ. "ಅಯ್ಯೋ ನೀವಾ! ಹೆದ್ರಸಿಬಿಟ್ರಿ. ಆಯಮ್ಮಂಗೆ ಹೇಳ್ಬೇಡಿ."

"ಇದು ಯಾವ ನೀರು?"

"ಫಿಲ್ಟರ್ ನೀರೇ ಅಮ್ಮ. ಆಯಮ್ಮನ ಚೀಲಕ್ಕೆ ಕೆರೆ ನೀರು ಹಾಕ್ತೀವಾ? ಲಾಳಿಕೇನೂ ಸೋಪಾಕಿ ತೊಳ್ದಿದೀವಿ, ಮೂಸಿ ನೋಡಿ ಬೇಕಾದ್ರೆ."

"ಯಾಕಜ್ಜಿ ಹಾಕಿದ್ದು?"

"ಚೀಲ ಸಪ್ಪಗಿದ್ರೆ ಆಯಮ್ಮನ ಮುಖ ನೋಡಕ್ಕಾಗಲ್ಲಮ್ಮ. ಪಾಪಂ, ಅಷ್ಟು ದೂರದಿಂದ ಬರ್ತಾಳೆ. ತುಂಬಿದ್ರೆ ನಗ್ತಾಳೆ. ಒಂದ್ ಬಿಂದಿಗೆ ನೀರಿಗೆ ಏನಾಯ್ತು?"

ನಾನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಗೆದ್ದ ಸಂತೋಷ ಎಲ್ಲಿ ಎಂದು ಹುಡುಕಿದೆ. ಇಷ್ಟು ವರ್ಷ ಕಾದ ತಪ್ಪು ಕೈಗೆ ಸಿಕ್ಕಿತ್ತು, ಅದನ್ನು ಬಿಚ್ಚಿ ನೋಡಿದರೆ ಒಳಗೂ ಅವಳ ಮೇಲಿನ ಪ್ರೀತಿಯೇ. ನನಗೋಸ್ಕರ ಈ ಭೂಮಿಯ ಮೇಲೆ ಯಾರಾದರೂ ಒಂದು ಚಮಚ ನೀರಿನಷ್ಟು ಸುಳ್ಳು ಹೇಳಿದ್ದಾರೆಯೇ? ನೆನಪಾಗಲಿಲ್ಲ. ಮೇಲೂರು ದಾಟುವ ಹೊತ್ತಿಗೆ ಅವಳ ಮೇಲಿನ ಹೊಟ್ಟೆಕಿಚ್ಚು ಮೊದಲಿಗಿಂತ ಇಮ್ಮಡಿಯಾಗಿತ್ತು.

ಸೋಮವಾರ ಸ್ಟಾಫ್ ರೂಮಿನಲ್ಲಿ ಎಲ್ಲ ಹೇಳಿದೆ. ಅವಳು ಕುಸಿಯುತ್ತಾಳೆ ಎಂದುಕೊಂಡಿದ್ದೆ. ವಿಚಾರಣೆ ಹತ್ತಿರ ಬಂದಿದೆ, ಅವಳ ಮುಖ್ಯ ಆಧಾರವೇ ಫಿಲ್ಟರ್ ನೀರು.  ಅವಳು ತಲೆ ಹಿಂದಕ್ಕೆ ಹಾಕಿ ನಗಲು ಶುರುಮಾಡಿದಳು. ನಕ್ಕೂ ನಕ್ಕೂ ಕನ್ನಡಕ ಬಿತ್ತು.

"ಸೋಪಾಕಿ ತೊಳೆದಿದ್ರಂತಾ? ಲಾಳಿಕೇನಾ?" ಕಣ್ಣೊರೆಸಿಕೊಂಡಳು. ಆ ನೀರಿನಲ್ಲಿ ನಗು ಎಷ್ಟು, ಅಳು ಎಷ್ಟು ಎಂದು ಅಳೆಯುವ ಯಂತ್ರ ನನ್ನ ಹತ್ತಿರ ಇರಲಿಲ್ಲ. "ಆ ಮೂಲೆ ಅಂಕಿ ಪೂರ್ತಿ ತೆಗೆದುಹಾಕಣ ಕಣೇ. ಉಳಿದದ್ದು ಎಷ್ಟಿದೆಯೋ ಅಷ್ಟೇ ಹೇಳಣ. ನೀನು ಹಿಡೀದೇ ಇದ್ದಿದ್ರೆ ಅವತ್ತು ನನ್ನ ಮಾನ ಹೋಗಿ, ಕೆರೇನೂ ಹೋಗ್ತಿತ್ತು."

ನನ್ನನ್ನು ಹೊಗಳಿದಳು, ನಿಜ. ಅದನ್ನು ಪಡೆದುಕೊಂಡು ಏನು ಮಾಡಬೇಕೆಂದು ತಿಳಿಯಲಿಲ್ಲ.

ಅಜ್ಜಿಯನ್ನು ಗದರಿಸುತ್ತಾಳೇನೋ ಎಂದು ಜೊತೆಗೆ ಹೋದೆ. ಗದರಿಸಲಿಲ್ಲ. ಅಜ್ಜಿಯ ಮನೆಯ ಜಗಲಿಯ ಮೇಲೆ ಕೂತು ಮುದ್ದೆ, ಬಸ್ಸಾರು ಉಂಡಳು. ಕೈ ತೊಳೆದ ಮೇಲೆ ಕೇಳಿದಳು. "ಅಜ್ಜಿ, ಗೂಡಿನ ಮಾರ್ಕೆಟ್‌ಗೆ ಹೋಗ್ತೀರಲ್ಲ. ಯಾರಾದ್ರೂ ರೇಷ್ಮೆಗೂಡಿಗೆ ನೀರು ಚಿಮುಕಿಸಿ ತೂಕಕ್ಕೆ ಇಟ್ರೆ ಏನಾಗ್ತದೆ?"

"ಅಂಥೋರ್ ಗೂಡನ್ನ ಇನ್ನೊಂದ್ ಸಲ ಯಾವ ರೀಲರ್ ಕೊಂಡ್ಕೊತಾನೆ ತಾಯಿ? ಒಳ್ಳೆ ಗೂಡು ತಂದ್ರೂ ನಂಬಲ್ಲ." ಹೇಳುತ್ತಾ ಹೇಳುತ್ತಾ ಅಜ್ಜಿಯ ಕೈ ಬಾಯಿಗೆ ಹೋಯಿತು. "ಅಯ್ಯಯ್ಯೋ. ನಿನ್ ಗೂಡಿಗೆ ನಾವೇ ನೀರ್ ಹಾಕ್ಬಿಟ್ವಾ?"

ಅಷ್ಟೇ. ಇನ್ನೊಂದು ಮಾತು ಬೇಕಾಗಲಿಲ್ಲ. ಗೂಡಿನ ಮಾರ್ಕೆಟ್ಟಿನ ಪಕ್ಕದ ಬೀದಿಯಲ್ಲಿ ಹುಟ್ಟಿ ಬೆಳೆದವಳು ನಾನು. ಆ ಮಾತು ನನಗೆ ಹೊಳೆಯಬೇಕಿತ್ತು, ಚಿಂತಾಮಣಿಯ ಟೊಮೆಟೊ ನಡುವೆ ಬೆಳೆದವಳಿಗಲ್ಲ.

ವಿಚಾರಣೆಯ ದಿನ ಕಂಪನಿಯ ಕಡೆಯ ಎಂಜಿನಿಯರ್ ಇಸ್ತ್ರಿ ಮಾಡಿದ ಶರಟಿನಲ್ಲಿ ಬಂದಿದ್ದ. ಅವಳು ಎದ್ದು ನಿಂತ ತಕ್ಷಣ ತನ್ನ ತಪ್ಪನ್ನೇ ಮೊದಲು ಹೇಳಿದಳು. "ಸಾರ್, ಉತ್ತರದ ಮೂಲೆಯ ಅಂಕಿಗಳನ್ನು ಲೆಕ್ಕಕ್ಕೆ ತಗೋಬೇಡಿ. ಅಲ್ಲಿ ಊರವರು ನನ್ನ ಮೇಲಿನ ವಿಶ್ವಾಸಕ್ಕೆ ಫಿಲ್ಟರ್ ನೀರು ಹಾಕಿದ್ದರು." ಅಧಿಕಾರಿ ಬೇರೆ ಯಾರದೋ ಕಡತ ನೋಡುತ್ತಿದ್ದವರು ತಲೆ ಎತ್ತಿದರು. ಕೋಣೆಯೆಲ್ಲ ನಗು. ಎಂಜಿನಿಯರ್ ಕೇಳಬೇಕೆಂದು ತಂದಿದ್ದ ಪ್ರಶ್ನೆಗಳೆಲ್ಲ ಸಪ್ಪೆಯಾದವು. ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವಳು ನನ್ನ ಕಡೆ ಕೈ ತೋರಿಸಿ, "ಅದನ್ನು ಕಂಡುಹಿಡಿದವರು ಇವರು, ನನ್ನ ಸ್ನೇಹಿತೆ" ಎಂದಳು. ಹೆಮ್ಮೆಯಿಂದಲೇ ಹೇಳಿದಳು. ಹಳ್ಳಿಯ ಮೂವತ್ತು ನಲವತ್ತು ಜನ ಒಟ್ಟಿಗೆ ತಿರುಗಿ, ಚಾಡಿ ಹೇಳಿದವಳು ಯಾರು ಎಂದು ನನ್ನನ್ನು ನೋಡಿದರು. ತಪ್ಪು ಮಾಡಿದ ಅವಳು ಇನ್ನಷ್ಟು ಪ್ರೀತಿ ಗಳಿಸಿಕೊಂಡು ಕೂತಳು, ತಪ್ಪು ಹಿಡಿದ ನಾನು ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಫ್ಯಾನು ನೋಡಿದೆ.

ಅಧಿಕಾರಿ ಎರಡು ಕಡೆಯನ್ನೂ ಕೇಳಿ, ಮಳೆಗಾಲ ಬೇಸಿಗೆ ಸೇರಿ ಒಂದು ಪೂರ್ತಿ ವರ್ಷ ಹೊಸದಾಗಿ ಅಳೆಯಿರಿ, ಅಲ್ಲಿಯ ತನಕ ಇಳಿಜಾರಿನಲ್ಲಿ ಬೋರ್‌ವೆಲ್ ಕೊರೆಯುವಂತಿಲ್ಲ ಎಂದರು. ಕೆರೆಗೆ ಒಂದು ವರ್ಷ ಸಿಕ್ಕಿತು. ಅವಳಿಗೆ ಸಿಗಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಹೊಟ್ಟೆನೋವು ಎಂದು ಬೆಂಗಳೂರಿಗೆ ತೋರಿಸಲು ಹೋದವಳು ಕಾಯಿಲೆಯ ದೊಡ್ಡ ಹೆಸರು ತೆಗೆದುಕೊಂಡು ಬಂದಳು.

ಕೊನೆಯ ಸಲ ಚಿಂತಾಮಣಿಯ ಅವಳ ಮನೆಗೆ ಹೋದಾಗ ಅವಳಿಗೆ ಗ್ಲೂಕೋಸ್ ಏರಿಸುತ್ತಿದ್ದರು. ಮೇಲೆ ನೇತಾಡುತ್ತಿದ್ದ ಚೀಲವನ್ನು ಕಣ್ಣಲ್ಲೇ ತೋರಿಸಿ, "ಇದು ಖಾಲಿಯಾದ್ಮೇಲೆ ಎತ್ತಿಟ್ಕೊಳ್ಳೇ, ಉಪಯೋಗಕ್ಕೆ ಬರ್ತದೆ" ಎಂದಳು. ನಾನು ಬೈದೆ. ಅವಳು ನಗಲು ಹೋಗಿ ಕೆಮ್ಮಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದಳು. "ಉಳಿದ ವರ್ಷ ನೀನೇ ಅಳೆ. ನೀನು ಅಳೆದ್ರೆ ಯಾರೂ ಸುಳ್ಳು ಅನ್ನಲ್ಲ."

ನನ್ನ ಜೀವನದಲ್ಲಿ ಯಾರಾದರೂ ಆಡಿದ ಅತಿ ದೊಡ್ಡ ಮೆಚ್ಚುಗೆ ಅದು. ಅವಳು ಮನಸ್ಸಿನಿಂದ ಆಡಿದ್ದು. ನನಗೆ ಬೇಕಾಗಿದ್ದದ್ದು ಅದಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ಆಗಲಿ ಎಂದೆ. ಅವಳ ಕೈ ಬಿಸಿಯಾಗಿತ್ತು. ಆ ಬಿಸಿ ನನಗೆ ಗೊತ್ತಾಯಿತು.

ಅಂದಿನಿಂದ ಶನಿವಾರ ಕಟ್ಟುವುದು, ಭಾನುವಾರ ಬಿಚ್ಚುವುದು ನನ್ನ ಕೆಲಸ. ಒಂದು ವಾರವೂ ತಪ್ಪಿಸಿಲ್ಲ. ನನ್ನ ಅಂಕಿಗಳಲ್ಲಿ ಯಾರೂ ಬೆರಳಿಟ್ಟು ತೋರಿಸುವಂಥದ್ದು ಏನೂ ಇಲ್ಲ. ಪ್ರತಿ ಚೀಲದ ಉಪ್ಪನ್ನೂ ಕೆರೆಯ ದಡದಲ್ಲೇ ನೋಡುತ್ತೇನೆ, ಚಿಕ್ಕ ಯಂತ್ರವೊಂದನ್ನು ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೇನೆ. ವಿಚಾರಣೆಯಲ್ಲಿ ಯಾರೂ ಮಾತೆತ್ತಬಾರದು ಎಂದು ನೋಡುತ್ತೇನೆ ಎಂದು ಎಲ್ಲರಿಗೂ ಹೇಳಿದ್ದೇನೆ. ನನಗೂ ಹಾಗೆಯೇ ಹೇಳಿಕೊಂಡಿದ್ದೆ.

ಕಳೆದ ಭಾನುವಾರ, ಈ ಬೇಸಿಗೆಯ ನಡುವೆ, ಕೆರೆ ತಗ್ಗಿ ಬಂಡೆಗಳ ಬುಡ ಕಾಣುತ್ತಿರುವಾಗ, ಉತ್ತರದ ಮೂಲೆಯ ಚೀಲ ಉಬ್ಬಿಕೊಂಡು ಬಂತು. ಎರಡು ಕೈಯಲ್ಲಿ ಎತ್ತಬೇಕಾಯಿತು.  ಸೈಕಲ್ ಟ್ಯೂಬಿನ ಪಟ್ಟಿಯ ಗಂಟು ನೋಡಿದೆ, ನಾನು ಹಾಕಿದ್ದೋ ಬೇರೆಯವರು ಹಾಕಿದ್ದೋ ತಿಳಿಯಲಿಲ್ಲ. ದಡಕ್ಕೆ ಬಂದು ಬ್ಯಾಗಿನಿಂದ ಯಂತ್ರ ತೆಗೆದೆ. ಉಪ್ಪು ಕಡಿಮೆ ಬರಲಿ ಎಂದು ದೇವರನ್ನು ಕೇಳಿಕೊಂಡೆ. ಒಂದು ಸಲ, ಒಂದೇ ಸಲ.

ಉಪ್ಪು ಹೆಚ್ಚೂಕಡಿಮೆ ನೆಲದ ನೀರಿನಷ್ಟೇ ಇತ್ತು. ಚೀಲಕ್ಕೆ ಬಂದು ಸೇರಿದ್ದು ಅಪ್ಪಟ ನೆಲದ ನೀರು. ಬಿರುಬೇಸಿಗೆಯಲ್ಲೂ ಬೆಟ್ಟದೊಳಗಿಂದ ಕೆರೆಗೆ ನೀರು ಬರುತ್ತಿದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅವಳು ಇದ್ದಿದ್ದರೆ ಕೆರೆಯೊಳಗೇ ಕೂಗಿಬಿಡುತ್ತಿದ್ದಳು. ನಾನು ಕಲ್ಲಿನ ಮೇಲೆ ಕೂತುಬಿಟ್ಟೆ.

ಅಜ್ಜಿ ಕುರಿಗಳಿಗೆ ನೀರು ಕುಡಿಸಲು ಬಂದವಳು ನನ್ನನ್ನು ನೋಡಿ ನಿಂತಳು. "ಏನಾಯ್ತಮ್ಮ? ನೀರು ಬರಲಿಲ್ವಾ?"

"ಬಂತಜ್ಜಿ. ತುಂಬ ಬಂತು. ಇನ್ನು ನಿಮ್ಮ ಕೆರೆಗೆ ಭಯ ಇಲ್ಲ."

"ಮತ್ಯಾಕ್ ಹಂಗ್ ಕೂತಿದೀರ?"

ಕೇಳಬಾರದಿತ್ತು, ಬಾಯಿಗೆ ಬಂದುಬಿಟ್ಟಿತು. "ನೀವೇನಾದ್ರೂ ಹಾಕಿದ್ರೇನೋ ಅಂದ್ಕೊಂಡೆ."

"ಇಲ್ಲಮ್ಮ, ದೇವ್ರಾಣೆ. ನಿಮ್ ಚೀಲ ಯಾವತ್ತೂ ಮುಟ್ಟಿಲ್ಲ." ಅಜ್ಜಿ ಗಾಬರಿಯಾಗಿ ಕೈ ಮುಗಿದಳು. "ನಿಮ್ಮದಕ್ಕೆ ನಾವ್ಯಾಕಮ್ಮ ಹಾಕಣ?"